ವಕೀಲರ ತಾಯಿ ಸಿಕ್ಕಿಕೊಂಡ ಲಿಫ್ಟು

...ಆಗಲ್ಲ ಅಂದ್ರೆ ಆಗಲ್ಲ ಕಣಮ್ಮ! ಆ ಸಂದಿಯಲ್ಲಿ ನುಸುಳಿ ಮೇಲೆ ಬರೋದಕ್ಕೆ ನಾನೇನು ಬೆಕ್ಕಾ? ನಾನು ಐದನೇ ಮಹಡಿಯವಳು. ಐದನೇ ಮಹಡಿಗೆ ಸರಿಯಾಗಿ ತಂದು ನಿಲ್ಲಿಸು, ಬಾಗಿಲು ತೆಗಿ, ಮರ್ಯಾದೆಯಾಗಿ ನಡ್ಕೊಂಡು ಹೊರಗೆ ಬರ್ತೀನಿ. ಅದು ಬಿಟ್ಟು ಅರ್ಧ ದಾರಿಯಲ್ಲಿ ನೇತಾಡ್ತಿರೋ ಪೆಟ್ಟಿಗೆಯಿಂದ ನನ್ನನ್ನ ಆಲೂಗಡ್ಡೆ ಮೂಟೆ ಥರ ಎಳೀತೀನಿ ಅಂದ್ರೆ, ನಾನು ಇಲ್ಲೇ ಕೂತಿರ್ತೀನಿ.

ಹೆದರಿಕೆನಾ? ನನಗಾ? ಹೋಗೇ! ಈ ಲಿಫ್ಟು ನನಗಿಂತ ಚಿಕ್ಕದು. ಇದನ್ನ ಇಲ್ಲಿ ಕೂರಿಸಿದ ದಿನ ನಾನು ನೋಡಿದೀನಿ.

ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿಮ್ಮ ಕಂಪನೀಲಿ ಬೇರೆ ಯಾರೂ ಇರಲಿಲ್ವಾ? ...ಅಲ್ಲ, ನೀನು ಬಂದಿದ್ದು ತಪ್ಪು ಅಂತಲ್ಲ. ತಪ್ಪೇ ಅಂತಿಟ್ಕೋ! ಹೋದ ಸಲ ಆ ಗಡ್ಡದವನು ಬಂದ. ಅದರ ಹಿಂದಿನ ಸಲ ಯಾರೋ ಅಣ್ಣತಮ್ಮ ಇಬ್ಬರು. ಈ ಸಲ ಹುಡುಗಿ! ಮುಂದಿನ ಸಲ ಯಾರನ್ನ ಕಳಿಸ್ತೀರ, ಪಾದ್ರಿಯನ್ನಾ? ...ಯಾರ ದಾರಿ ಕಾಯ್ತಿದ್ರಿ ಅಂದ್ರೆ? ಏನರ್ಥ ಅದು? ಯಾರ ದಾರೀನೂ ಕಾಯ್ತಿರಲಿಲ್ಲ. ಲಿಫ್ಟ್ ನಿಂತೋಯ್ತು, ಫೋನ್ ಮಾಡ್ದೆ. ಮುಗೀತು.

ಸ್ಟೂಲಾ? ಯಾವ ಸ್ಟೂಲು? ...ಓ, ಇದಾ. ನಾನು ಕೂತಿರೋದು. ಹೌದು, ನಂದೇ, ಮಡಚೋ ಸ್ಟೂಲು. ಯಾಕೆ, ಸಂತೆಗೆ ಹೋಗಿ ಬರೋ ಹೆಂಗಸು ಜೊತೆಗೊಂದು ಸ್ಟೂಲು ಇಟ್ಕೋಬಾರದು ಅಂತ ಕಾನೂನಿದ್ಯಾ? ನೀರಿನ ಬಾಟ್ಲೀನೂ ನಂದೇ. ಸ್ವೆಟರೂ ನಂದೇ. ಚೀಲ ಯಾಕೆ ಖಾಲಿ ಅಂತಾ? ಎಲ್ಲಾ ದುಬಾರಿ, ಬರೀ ನೋಡ್ಕೊಂಡು ಬಂದೆ. ...ಲಿಪ್‌ಸ್ಟಿಕ್ಕಾ! ಸಂತೆಯಲ್ಲಿ ಟೊಮೇಟೊ ಮಾರೋರಿಗೂ ಕಣ್ಣಿರತ್ತೆ ಕಣೇ. ರಿಪೇರಿ ಮಾಡೋಕೆ ಬಂದಿದ್ಯೋ, ಪೊಲೀಸ್ ವಿಚಾರಣೆ ಮಾಡೋಕೆ ಬಂದಿದ್ಯೋ?

ಒಳಗಿನ ಜಾಲರಿ ಬಾಗಿಲು... ಮುಚ್ಚಿದೆ. ಪೂರ್ತಿ ಮುಚ್ಚಿದೆ. ನಾನು ಹೇಳ್ತಿದೀನಲ್ಲ! ಇಲ್ಲ, ಏಳೋಕಾಗಲ್ಲ, ಮೊಣಕಾಲು ನೋವು. ಅದಕ್ಕೆ ಒರಗಿಕೊಂಡು ಕೂತಿದೀನಿ. ನಿನ್ನ ಕೆಲಸ ನೀನು ನೋಡು.

ಏನದು? ಟಣ್, ಟಣ್ ಅಂತ ಯಾಕೆ ಸ್ಪ್ಯಾನರಿನಲ್ಲಿ ಕಬ್ಬಿಣ ಬಡೀತೀಯ? ...ಓಹೋ. ಒಂದು ಸಲ ತಟ್ಟಿದ್ರೆ ನಿಲ್ಲಿಸು, ಎರಡು ಸಲ ತಟ್ಟಿದ್ರೆ ಎತ್ತು. ಅಂದ್ರೆ ಮೇಲೆ ಒಬ್ಬ ಇದ್ದಾನೆ? ತಾರಸಿ ಮೇಲೆ, ಮೋಟಾರು ಕೋಣೇಲಿ? ಕರೆಂಟು ಕಿತ್ತುಹಾಕಿ ಚಕ್ರ ಕೈಯಲ್ಲೇ ತಿರುಗಿಸ್ತಾನಾ? ಪಾಪ, ಬಾವಿಯಿಂದ ನೀರು ಸೇದೋ ಹಾಗೆ! ಇದಕ್ಕೆ ವರ್ಷಗಟ್ಟಲೆ ತರಬೇತಿ ಬೇರೆ ಕೊಡ್ತಾರಂತೆ. ಮುಂಚೆ ಈ ಕೆಲಸ ಕತ್ತೆ ಮಾಡ್ತಿತ್ತು.

ಯಾಕೆ ನಗ್ತೀಯ?

ಹಾಂ, ಹೇಳು, ಎಲ್ಲಿ ಕಲಿತೆ ಈ ವಿದ್ಯೆ? ಮುಖ ಬಗ್ಗಿಸು ಸ್ವಲ್ಪ, ಬರೀ ನಿನ್ನ ಬೂಟು ನೋಡಿ ಮಾತಾಡೋದು ನನಗಾಗಲ್ಲ. ...ಹಾಂ, ಹೀಗೆ. ಚೆನ್ನಾಗೇ ಇದ್ದೀಯಲ್ಲೇ! ಹೆಸರು? ಮಿರ್ಸಿನಿ. ಎಂಥ ಹೆಸರು! ನಿಮ್ಮಪ್ಪ ಅಮ್ಮ ಅಷ್ಟು ಚಂದದ ಹೆಸರಿಟ್ಟು ಕೊನೆಗೆ ಎಣ್ಣೆಜಿಡ್ಡಿಗೆ ತಳ್ಳಿಬಿಟ್ರಲ್ಲ. ...ತಾಂತ್ರಿಕ ಶಾಲೆ. ಗೊತ್ತು, ಗೊತ್ತು. ಪುಸ್ತಕ ಕಂಡ್ರೆ ಜ್ವರ ಬರೋ ಮಕ್ಕಳೆಲ್ಲ ಹೋಗಿ ಸೇರ್ಕೊಳ್ಳೋ ಜಾಗ. ನಮ್ಮ ಕಾಲದಲ್ಲಿ ಮೇಷ್ಟ್ರುಗಳು ಹುಡುಗರನ್ನ ಹೆದರಿಸೋಕೆ ಅದರ ಹೆಸರು ಹೇಳ್ತಿದ್ರು.

ಏನು? ನೀನು ಪ್ರವೇಶ ಪರೀಕ್ಷೆಯಲ್ಲಿ ಪಾಸಾಗಿದ್ದೆಯಾ? ಯೂನಿವರ್ಸಿಟೀಲಿ ಸೀಟು ಸಿಕ್ಕಿತ್ತಾ? ಸಿಕ್ಕಿದ್ದನ್ನ ಬಿಟ್ಟು ಇಲ್ಲಿಗೆ... ಬಾಯಿ ಮುಚ್ಚೇ! ಅಂಥ ಮಾತು ನಿಮ್ಮಮ್ಮನ ಕಿವಿಗೆ ಬಿದ್ರೆ! ...ಬಿದ್ದಿದ್ಯಾ. ಏನಂದ್ರು? ...ಖುಷಿಯಿಂದ ಕುಣಿದಾಡಿದ್ರಾ? ಅದೇನು ಹೆಂಗಸೋ.

ಹಗಲು ಕೆಲಸ, ಸಂಜೆ ಪಾಠ, ಆಮೇಲೆ ಲೈಸೆನ್ಸಿಗೆ ಪರೀಕ್ಷೆ. ಅದಕ್ಕೂ ಪರೀಕ್ಷೆ! ಏನು ಕೇಳ್ತಾರೆ ಅದರಲ್ಲಿ? ಐದನೇ ಮಹಡಿಗೆ ಹೋಗೋಕೆ ಯಾವ ಗುಂಡಿ ಒತ್ತಬೇಕು ಅಂತಾನಾ? ...ಸರಿ, ಸರಿ, ಸಿಟ್ಟಾಗಬೇಡ. ಹಗ್ಗ, ಬ್ರೇಕು, ಭಾರದ ಲೆಕ್ಕ, ವಿದ್ಯುತ್ತು. ಇರಲಿ. ಸಂಬಳ ಎಷ್ಟು ಬರತ್ತೆ ಹೇಳು. ನಾಚ್ಕೋಬೇಡ, ಇಲ್ಲಿ ನಾವಿಬ್ಬರೇ. ...ಎಷ್ಟು?

ಇನ್ನೊಂದ್ಸಲ ಹೇಳು.

ತಿಂಗಳಿಗಾ?

ಬೇಸಿಗೇಲಿ ದ್ವೀಪದ ಹೋಟೆಲುಗಳಿಗೆ ಹೋದ್ರೆ ಇನ್ನೂ ಜಾಸ್ತಿನಾ? ...ಹೂಂ. ಆರನೇ ಮಹಡಿಯಲ್ಲಿ ಒಬ್ಬ ಹುಡುಗ ಇದ್ದಾನೆ, ಎರಡು ಪದವಿ, ಮೂರು ಭಾಷೆ. ಯಾವುದೋ ದೊಡ್ಡ ವಕೀಲನ ಆಫೀಸಿನಲ್ಲಿ ಇವನಿಗೆ ಅವನ ಕೋಟು ಹಿಡಿಯೋದೇ ಕೆಲಸ. ನೀನು ಹೇಳಿದ್ದರಲ್ಲಿ ಕಾಲುಭಾಗ ಬರತ್ತೋ ಇಲ್ವೋ ಅವನಿಗೆ. ಎದುರುಮನೆ ಹುಡುಗಿ ಪುರಾತತ್ವ ಓದಿ ಚೌಕದ ಹತ್ತಿರ ಕಾಫಿ ತಂದುಕೊಡ್ತಾಳೆ. ಗೊತ್ತು ಕಣೇ, ನನಗೆ ಅವೆಲ್ಲ ಹೇಳಿಕೊಡಬೇಡ! ಅಥೆನ್ಸಿನ ಅರ್ಧ ಜನ ಪದವಿಪತ್ರಕ್ಕೆ ಕಟ್ಟು ಹಾಕಿಸಿ ಅದರ ಕೆಳಗೆ ಸಾಲದಲ್ಲಿ ಊಟ ಮಾಡ್ತಾರೆ. ಆದ್ರೂ ಅವರ ಕೈ ನೋಡು, ನಿನ್ನ ಕೈ ನೋಡ್ಕೋ. ಕಿಸೆ ತುಂಬಿದ ಮಾತ್ರಕ್ಕೆ ಉಗುರು ಬೆಳ್ಳಗಾಗತ್ತಾ? ಆ ಕೋಟು ಹಿಡಿಯೋ ಹುಡುಗ ಮುಂದಿನ ಬಾಗಿಲಿಂದ ಬರ್ತಾನೆ, ಮುಂದಿನ ಬಾಗಿಲಿಂದ ಹೋಗ್ತಾನೆ. ಅವನಿಗೆ ಎಲ್ಲರೂ ನಮಸ್ಕಾರ ಅಂತಾರೆ. ನಿನಗೆ ಯಾರಂತಾರೆ?

ನನ್ನ ಗಂಡ ಗಾರೆ ಕೆಲಸದವನು. ಸಂಜೆ ಮೈಯೆಲ್ಲ ಸುಣ್ಣ ಮೆತ್ತಿಸಿಕೊಂಡು ಬರೋನು. ಎರಡನೇ ಮಹಡಿಯಲ್ಲಿ ಆಗ ಮಿಲಿಟರಿ ಜನರಲ್ ಸಾಹೇಬರ ಹೆಂಡತಿ ಒಬ್ಬಳಿದ್ದಳು. ಇದೇ ಲಿಫ್ಟಿನ ಬಾಗಿಲಲ್ಲಿ ಅವನನ್ನ ತಡೆದು, ಏನ್ ಮೇಸ್ತ್ರಿ, ನಿಮ್ಮಂಥವರಿಗೆ ಅಂತಲೇ ಹಿಂದುಗಡೆ ಮೆಟ್ಟಿಲಿದೆಯಲ್ಲ ಅಂದಳು. ಅದೇ, ಕಸ ಇಳಿಸೋ ಕಬ್ಬಿಣದ ಮೆಟ್ಟಿಲು. ಅವನು ಹೋದ! ಬಾಯಿಬಿಡದೆ ಹಿಂದಿನಿಂದ ಹತ್ತಿ ಬಂದ, ಸಾಯೋವರೆಗೂ ಹಾಗೇ ಬಂದ. ತನ್ನ ದುಡ್ಡಲ್ಲಿ ತಗೊಂಡ ಮನೆಗೆ! ಅವನು ಮರೆತ. ನಾನು ಮರೀಲಿಲ್ಲ. ಅವತ್ತೇ ಅಂದ್ಕೊಂಡೆ, ನನ್ನ ಮಗ ಮಾತ್ರ ಈ ಲಿಫ್ಟಿನಲ್ಲಿ ಬರ್ತಾನೆ, ಟೈ ಕಟ್ಕೊಂಡು ಬರ್ತಾನೆ ಅಂತ. ಹದಿನೈದು ವರ್ಷ ಬೇರೆಯವರ ಪ್ಯಾಂಟಿನ ಅಂಚು ಹೊಲಿದು ಅವನ ಟ್ಯೂಷನ್ನಿಗೆ ಸುರಿದೆ. ಕನ್ನಡಕದ ಗಾಜು ನೋಡು, ಎಷ್ಟು ದಪ್ಪ.

ಹೌದು, ಒಬ್ಬನೇ. ಲೆಫ್ತೇರಿಸ್ ಅಂತ.

ವಕೀಲ! ಕೆಳಗೆ ರಸ್ತೆ ಬಾಗಿಲ ಪಕ್ಕ ನೋಡಲಿಲ್ವಾ? ಡಾಕ್ಟರು, ಲೆಕ್ಕಪರಿಶೋಧಕರು, ನೋಟರಿ, ಸಾಲಾಗಿ ಹಿತ್ತಾಳೆ ಫಲಕ. ಅದರಲ್ಲಿ ಫಳಫಳ ಅನ್ನೋದು ನಮ್ಮದು. ‘ಲೆಫ್ತೇರಿಸ್ ಮವ್ರೋಮಾತಿಸ್, ವಕೀಲರು, ಐದನೇ ಮಹಡಿ’. ವಾರಕ್ಕೊಂದು ಸಲ ನಾನೇ ನಿಂಬೆಹಣ್ಣು ಹಾಕಿ ಉಜ್ತೀನಿ. ...ನೋಡಿದ್ಯಾ? ಓದಿದ್ಯಾ? ಮತ್ತೆ ಅದರಲ್ಲಿ ನಗೋದೇನಿದೆ?

ಈಗ ಬ್ರಸೆಲ್ಸಿನಲ್ಲಿದ್ದಾನೆ. ದೊಡ್ಡ ಕೋರ್ಟು. ಬರೋಕೆ ಪುರುಸೊತ್ತೇ ಇಲ್ಲ. ಆದ್ರೆ ಫಲಕ ನೋಡಿ ಜನ ಬರ್ತಾನೇ ಇರ್ತಾರೆ, ಗಂಟೆ ಒತ್ತುತ್ತಾನೇ ಇರ್ತಾರೆ. ನಾನೇನು ಮಾಡ್ಲಿ, ಓಡಿಸೋಕಾಗತ್ತಾ? ಸಾಹೇಬರು ಕೋರ್ಟಿಗೆ ಹೋಗಿದ್ದಾರೆ, ಬನ್ನಿ ಕೂತ್ಕೊಳ್ಳಿ ಅಂತೀನಿ, ಕಾಫಿ ಕೊಡ್ತೀನಿ. ಒಬ್ಬ ಮುದುಕ ತಮ್ಮನ ಮೇಲೆ ಕೇಸು ಹಾಕ್ತೀನಿ ಅಂತ ಬಂದ, ಆಲಿವ್ ತೋಟದ ಬೇಲಿ ವಿಷಯ. ಹೋಗಯ್ಯಾ, ಇಬ್ಬರೂ ಇನ್ನೆಷ್ಟು ದಿನ ಇರ್ತೀರ ಅಂತ ಬೈದು ಕಳಿಸ್ದೆ. ಒಬ್ಬಳು ವಿಚ್ಛೇದನ ಬೇಕು ಅಂತ ಬಂದು ಮೂರು ಕಾಫಿ ಕುಡಿದು, ಅತ್ತು, ಗಂಡನ ಹತ್ತಿರ ವಾಪಸ್ ಹೋದಳು. ಇವತ್ತಿಗೂ ಈಸ್ಟರಿಗೆ ಸಿಹಿ ರೊಟ್ಟಿ ಕಳಿಸ್ತಾಳೆ, ‘ವಕೀಲರಿಗೆ’ ಅಂತ. ನಾನೇ ತಿಂತೀನಿ, ಇನ್ನೇನು ಮಾಡ್ಲಿ?

ಫಲಕ ಯಾವಾಗ ಹಾಕಿಸಿದ್ದಾ? ಅದು... ಅವನಿಗೆ ಕಾನೂನು ಕಾಲೇಜಿನಲ್ಲಿ ಸೀಟು ಸಿಕ್ಕಿದ ವಾರ. ಅದರಲ್ಲೇನು ತಪ್ಪು? ಸೀಟು ಸಿಕ್ಕಿದ ಮೇಲೆ ವಕೀಲ ಆದ ಹಾಗೇ ತಾನೇ? ಹಿತ್ತಾಳೆ ಕೆತ್ತೋನೂ ಹಾಗೇ ಅಂದ, ಬೇಗ ಮಾಡಿಸಿಬಿಡಿ ಅಮ್ಮ, ಎಲ್ಲಾ ತಾಯಂದಿರೂ ಮಾಡಿಸ್ತಾರೆ ಅಂತ. ನೀನು ಚಕ್ರದವನಿಗೆ ತಟ್ಟು, ಮಾತು ಸಾಕು.

...ಹಾಂ, ಎದ್ದಿತು. ನಿಧಾನ, ನಿಧಾನ! ಈಗ ನಿನ್ನ ಮೊಣಕಾಲು ಕಾಣ್ತಿದೆ. ಪರವಾಗಿಲ್ಲ, ಮೇಲಿನವನ ಕೈ ಹದವಾಗಿದೆ, ಕುಲುಕಾಟ ಇಲ್ಲ. ಗಡ್ಡದವನು ಬಂದಾಗ ಕರುಳೆಲ್ಲ ಬಾಯಿಗೆ ಬಂದಿತ್ತು. ...ಯಾಕೆ ನಿಲ್ಲಿಸಿದೆ? ಬ್ರೇಕಿಗೆ ಉಸಿರಾಡೋಕೆ ಬಿಡಬೇಕಾ? ನಿಮ್ಮ ಕಸುಬಿನಲ್ಲಿ ಬ್ರೇಕೂ ಉಸಿರಾಡತ್ತೆ, ಸರಿ.

ಮೂರನೇ ಮಹಡಿಯಲ್ಲಿ ಪೊಲಿಕ್ಸೇನಿ ಅಂತ ಇದ್ದಾಳೆ. ಅವಳ ಕಥೆ ಕೇಳು, ಆಮೇಲೆ ನಿನ್ನ ತಾಂತ್ರಿಕ ಶಾಲೆ ಗುಣಗಾನ ಮಾಡು. ಅವಳ ಮಗನೂ ಕಾನೂನು ಓದ್ತಿದ್ದ. ಅಂದ್ರೆ ಅವಳು ಹಾಗಂದ್ಕೊಂಡಿದ್ದಳು. ಒಂದು ದಿನ ಹುರುಳಿಕಾಯಿ ಪಲ್ಯ ತಿಂತಾ ತಿಂತಾ ಹೇಳ್ತಾನಂತೆ, ಅಮ್ಮ, ನಾನು ಆ ಕಾಲೇಜಿಗೆ ಹೋಗೋದು ಬಿಟ್ಟು ಎರಡು ವರ್ಷ ಆಯ್ತು, ಲಿಫ್ಟ್ ಕೆಲಸ ಕಲಿತೆ, ಲೈಸೆನ್ಸೂ ಬಂತು, ನನಗೆ ಇದೇ ಇಷ್ಟ ಅಂತ. ಇಷ್ಟವಂತೆ! ಎರಡು ವರ್ಷ ಬೆಳಿಗ್ಗೆ ಇಸ್ತ್ರಿ ಮಾಡಿದ ಶರಟು ಹಾಕ್ಕೊಂಡು ಹೊರಟು, ಎಲ್ಲೋ ಬಟ್ಟೆ ಬದಲಾಯಿಸಿ, ಸಂಜೆ ಮತ್ತೆ ಶರಟು ಹಾಕ್ಕೊಂಡು ಬಂದಿದ್ದಾನೆ. ಅವಳು ಕಾಲರು ಉಜ್ಜಿ ಉಜ್ಜಿ ಒಗೀತಿದ್ದಳು, ಇದೆಂಥ ಕಾಲೇಜಿನ ಧೂಳು ಇಷ್ಟು ಕಪ್ಪು ಅಂತ.

ನಗಬೇಡ. ಇದು ನಗೋ ವಿಷಯ ಅಲ್ಲ.

ಆಮೇಲೆ ಆಗಸ್ಟಿನಲ್ಲಿ, ಬೆಂಕಿ ಬಿಸಿಲು, ಲಿಫ್ಟ್ ಕೆಟ್ಟಿತು. ಕೆಳಗೆ ಕಟ್ಟಡದ ಹೆಂಗಸರೆಲ್ಲ ಬೀಸಣಿಗೆ ಬೀಸ್ತಾ ನಿಂತಿದ್ದಾರೆ, ಆ ಜನರಲ್ ಸಾಹೇಬರ ಹೆಂಡತೀನೂ. ಆಗ ಬಂದ. ನೀಲಿ ಬಟ್ಟೆ, ಮೊಣಕೈವರೆಗೂ ಜಿಡ್ಡು, ಭುಜದ ಮೇಲೆ ಹಗ್ಗದ ಸುರುಳಿ. ಬಂದೋನು ಅವರಮ್ಮನನ್ನ ನೋಡಿ ನಕ್ಕ. ಹಲ್ಲೆಲ್ಲ ಕಾಣೋ ಹಾಗೆ! ಜನರಲ್ ಸಾಹೇಬರ ಹೆಂಡತಿ ಕನ್ನಡಕ ಏರಿಸಿ ಕೇಳಿದಳು, ‘ಇವನು ನಿಮ್ಮ ಹುಡುಗ ಅಲ್ವೇನ್ರೀ?’ ಏನು ಹೇಳ್ಬೇಕಿತ್ತು ಅವಳು? ನೀನೇ ಹೇಳು! ಗಂಡನನ್ನ ಹಿಂದಿನ ಮೆಟ್ಟಿಲಿಗೆ ಅಟ್ಟಿದ ಬಾಯಿ ಅದು. ಇಲ್ಲಪ್ಪ, ಹೋಲಿಕೆ ಅಷ್ಟೇ, ನಮ್ಮೋನು ಬ್ರಸೆಲ್ಸಿನಲ್ಲಿದ್ದಾನೆ ಅಂದಳು. ಅಂದು ಸುಮ್ಮನಿದ್ದಳಾ? ಅವನು ಕೆಲಸ ಮುಗಿಸಿ ಬಂದಾಗ ಎಲ್ಲರ ಎದುರು ಪರ್ಸು ತೆಗೆದು ಒಂದು ನೋಟು ಅವನ ಕೈಗಿಟ್ಟು, ‘ತಗೋ ಮೇಸ್ತ್ರಿ, ತಣ್ಣಗೆ ಏನಾದ್ರೂ ಕುಡಿ’ ಅಂದಳು.

ತಗೊಂಡ ಕಣೇ! ಬೇಡ ಅನ್ನಬಹುದಿತ್ತು. ಅಮ್ಮಾ ಇದೇನು ಅನ್ನಬಹುದಿತ್ತು. ಕಿರುಚಬಹುದಿತ್ತು, ಅವಳ ಮುಖಕ್ಕೆ ಎಸೀಬಹುದಿತ್ತು. ತಗೊಂಡು, ಮಡಚಿ ಜೇಬಿಗಿಟ್ಕೊಂಡು, ‘ಉಪಕಾರ ಆಯ್ತು ಮೇಡಂ’ ಅಂದ. ಮೇಡಂ! ಅಂದೋನು ಹೋದ. ಹೋದೋನು ಮತ್ತೆ ಬರಲಿಲ್ಲ. ಎಲ್ಲಿ ಮನೆ ಮಾಡಿದ್ದಾನೋ, ಏನು ತಿಂತಾನೋ, ಯಾರಿಗೆ ಗೊತ್ತು. ಈಗ ಅವನದೇ ಕಂಪನಿ ಅಂತೆ, ಕೈಕೆಳಗೆ ಜನ ಅಂತೆ. ಇರಬಹುದು. ಅಂಥ ಮಗನಿಂದ ಅವಳಿಗೇನು ಬಂತು? ನೀನೇ ಹೇಳು, ತಪ್ಪು ಯಾರದು?

...ಮಾತಾಡು. ಯಾಕೆ ಮುಖ ಆ ಕಡೆ ತಿರುಗಿಸ್ದೆ? ಇಷ್ಟು ಹೊತ್ತು ಕಿಸಿಕಿಸಿ ನಗ್ತಿದ್ದೋಳು?

ಯಾಕೆ ಮೆಟ್ಟಿಲ ಕಂಬಿಯಿಂದ ಕೆಳಗೆ ಬಗ್ಗಿ ಮೂರನೇ ಮಹಡಿ ಕಡೆ ನೋಡ್ತೀಯ? ಅಲ್ಲೇನಿದೆ... ಹಾಂ, ದಂತವೈದ್ಯರ ಬೋರ್ಡಿದೆ. ಆ ಮಹಡಿಯಲ್ಲಿ ಅದೊಂದೇ ಇರೋದು, ಸರಿ, ಗೊತ್ತಾಯ್ತು. ಪೊಲಿಕ್ಸೇನಿ ಮನೆ ಬಿಟ್ಟುಹೋದಳು. ಯಾವಾಗಲೋ ಬಿಟ್ಟುಹೋದಳು. ಎಲ್ಲಿಗೆ ಅಂತ ನನಗೇನು ಗೊತ್ತು? ನಿನಗ್ಯಾಕೆ ಬೇಕು ಅದೆಲ್ಲ? ತಟ್ಟು. ಎತ್ತೋಕೆ ಹೇಳು, ಸಾಕಾಯ್ತು ಇಲ್ಲಿ ಕೂತು.

ತಟ್ಟಿದ್ಯಲ್ಲ, ಯಾಕೆ ಏಳ್ತಿಲ್ಲ? ಇನ್ನೊಂದ್ಸಲ ತಟ್ಟು. ಟಣ್ ಟಣ್ ಅಂತ ಇಡೀ ಕಟ್ಟಡಕ್ಕೆ ಕೇಳಿಸ್ತು, ಮೇಲಿನ ಮಹಾಶಯನಿಗೆ ಕೇಳಿಸಲಿಲ್ವಾ? ಸಿಗರೇಟು ಹಚ್ಕೊಂಡು ಕೂತಿರ್ತಾನೆ. ಇದೇ ನಿಮ್ಮ ತರಬೇತಿ! ಕೂಗು ಅವನನ್ನ. ಯಾಕೆ ಕೂಗಲ್ಲ? ಗಡ್ಡದವನು ಬಂದಾಗ ಇಡೀ ಬೀದಿಗೆ ಕೇಳೋ ಹಾಗೆ ‘ಎತ್ತೋ!’ ಅಂದ್ರೆ ಮೇಲಿಂದ ‘ಎತ್ತಿದೆ!’ ಅನ್ನೋರು. ಎಲ್ಲ ಲಿಫ್ಟಿನವರೂ ಹಾಗೇ ಮಾಡೋದು. ನೀವು ಮಾತ್ರ ಇಬ್ಬರು ಮೂಗರ ಥರ...

ಅವನ ಹೆಸರೇನು?

ಮೇಲಿರೋನ ಹೆಸರು ಕೇಳ್ದೆ ಮಿರ್ಸಿನಿ. ಹೆಸರು ಕೇಳಿದ್ರೆ ಸ್ಪ್ಯಾನರ್ ಯಾಕೆ ನೋಡ್ಕೋತೀಯ?

ಒಂದು ಮಾತು ಆಡು ಅನ್ನು ಅವನಿಗೆ. ‘ಹೂಂ’ ಅಂದ್ರೂ ಸಾಕು. ಕೆಮ್ಮಿದ್ರೂ ಸಾಕು, ನನಗೆ ಗೊತ್ತಾಗತ್ತೆ.

...ಬೇಡ. ಹೇಳಬೇಡ. ನಿನ್ನ ಮುಖ ನೋಡಿದ್ರೆ ಸಾಕು.

ಎಷ್ಟು ಹೊತ್ತಿಂದ ಇದ್ದಾನೆ? ಶುರುವಿಂದಲೂ? ಈ ಲಿಫ್ಟಿನ ಬಾವಿಯಲ್ಲಿ ಪಿಸುಗುಟ್ಟಿದ್ರೂ ತಾರಸಿಗೆ ಕೇಳತ್ತೆ, ಅಲ್ವಾ? ಅಂದ್ರೆ ಕತ್ತೆ ಅಂದಿದ್ದು ಕೇಳಿಸ್ತು. ಉಗುರು ಅಂದಿದ್ದು ಕೇಳಿಸ್ತು. ಅವರಪ್ಪನ ವಿಷಯ... ಅದು ಅವನಿಗೆ ಗೊತ್ತೇ ಇರಲಿಲ್ಲ ಕಣೇ! ಹಿಂದಿನ ಮೆಟ್ಟಿಲಿನ ವಿಷಯ ನಾನು ಯಾವತ್ತೂ ಅವನಿಗೆ ಹೇಳಿರಲಿಲ್ಲ. ಅಯ್ಯೋ.

ಏನು ತೋರಿಸ್ತಿದ್ದೀಯ ಬೆರಳು ಮಾಡಿ? ಬಾಗಿಲ ಸಂದಿಯಲ್ಲಾ? ಹೌದು, ಬಟ್ಟೆ ಒಣಗಿಸೋ ಕ್ಲಿಪ್ಪು. ಹೌದು, ನಾನೇ ಸಿಗಿಸಿದ್ದು, ಜಾಲರಿ ಬಾಗಿಲು ಪೂರ್ತಿ ಮುಚ್ಚದಿದ್ರೆ ಲಿಫ್ಟು ನಿಂತುಬಿಡತ್ತಲ್ಲ. ಹೋದ ಸಲವೂ ನಾನೇ, ಅದರ ಹಿಂದಿನ ಸಲವೂ ನಾನೇ. ನಿಮ್ಮ ಗಡ್ಡದವನಿಗೆ ಅದೂ ಗೊತ್ತಾಗಲಿಲ್ಲ, ಗೂಬೆ! ಮತ್ತೇನು ಮಾಡ್ಬೇಕಿತ್ತು ನಾನು? ಅವನ ಕಂಪನಿಗೆ ಫೋನ್ ಮಾಡಿ ನನ್ನ ಮಗನನ್ನ ಕಳಿಸಿ ಅಂತ ಕೇಳ್ಲಾ? ಯಾವ ಬಾಯಲ್ಲಿ? ಲಿಫ್ಟ್ ಕೆಟ್ಟಿದೆ ಅಂತಾದ್ರೆ ಕರೀಬಹುದಲ್ಲ. ಒಂದಲ್ಲ ಒಂದು ಸಲ ಅವನೇ ಬರ್ತಾನೆ ಅಂದ್ಕೊಂಡೆ. ಸ್ಟೂಲ್ ಹಾಕ್ಕೊಂಡು ಕೂತೆ.

ಲೆಫ್ತೇರಿ! ಮೇಲೆ ಕೂತ್ಕೊಂಡು ಕಳ್ಳನ ಥರ ಕೇಳಿಸ್ಕೊಂಡ್ಯಲ್ಲೋ, ನಾಚಿಕೆ ಆಗಲ್ವಾ ನಿನಗೆ? ಹುಡುಗಿಯನ್ನ ಮುಂದೆ ಬಿಟ್ಟು ಬಚ್ಚಿಟ್ಕೊಂಡಿದ್ದೀಯ! ನಿನಗೆ ಬೈಯೋಕಲ್ಲ ಕಣೋ ಕರೆಸಿದ್ದು. ಬೈದೆ, ಹೌದು. ನನಗೆ ಬೇರೆ ಮಾತು ಬರಲ್ಲ. ನಿನ್ನನ್ನ ನೋಡ್ಬೇಕು ಅನಿಸಿತ್ತು, ಅಷ್ಟೇ.

...ಕೇಳಿಸಿರತ್ತೆ ಅಲ್ವಾ ಮಿರ್ಸಿನಿ?

ಅಯ್ಯೋ, ಏಳ್ತಿದೆ. ಪೆಟ್ಟಿಗೆ ಏಳ್ತಿದೆ! ಬೇಡ, ಎತ್ತಬೇಡ ಅನ್ನು! ನಿನ್ನ ಸೊಂಟ ಬಂತು, ಇನ್ನು ಒಂದು ಮೊಳ ಎದ್ರೆ ಐದನೇ ಮಹಡಿ. ಬಾಗಿಲು ತೆರೆದ್ರೆ ಕೆಲಸ ಮುಗೀತು ಅಂತ ಅವನು ಹೊರಟುಹೋಗ್ತಾನೆ. ಆ ಹಿಂದಿನ ಮೆಟ್ಟಿಲಿನಲ್ಲೇ ಇಳಿದು ಹೋಗ್ತಾನೆ, ನಾನು ಈ ಕಾಲಲ್ಲಿ ಹಿಡಿಯೋಕಾಗಲ್ಲ. ನಿಲ್ಲಿಸೋಕೆ ಹೇಳು. ಒಂದು ಸಲ ತಟ್ಟಿದ್ರೆ ನಿಲ್ಲಿಸು ಅಂತ ತಾನೇ? ತಟ್ಟೇ! ಯಾಕೆ ನನ್ನ ಮುಖ ನೋಡ್ತಾ ನಿಂತಿದ್ದೀಯ, ಸ್ಪ್ಯಾನರ್ ಕೈಯಲ್ಲೇ ಇದೆಯಲ್ಲ, ತಟ್ಟು, ಮಗಳೇ, ನಿನಗೆ ಕೈ ಮುಗೀತೀನಿ...

...ನಿಂತಿತು.

ನೀನು ತಟ್ಟಲೇ ಇಲ್ಲವಲ್ಲೇ.